ಇಮಾಮಸಾಬ್ ಚಾಚಾ ಗೋಣು ಹಾಕಿದ ಪುಸ್ತಕಗಳು

ನನಗೊಂದು ಚಟವಿದೆ. ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಸಾಕು, ನನ್ನ ಗೋಣು ತಾನಾಗಿಯೇ ಆಡತೊಡಗುತ್ತದೆ. ನಾನೇ ಮಾತಾಡುವಾಗಲೂ ಅದು ಸುಮ್ಮನಿರುವುದಿಲ್ಲ. ನನ್ನ ಮಾತಿಗೆ ನಾನೇ ಒಪ್ಪಿಗೆ ಕೊಡುತ್ತಾ ಹೋಗುತ್ತೇನೆ. ಮೊನ್ನೆ ಗೋರೆಗಾಂವ್ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಮೌಶಿ ಬೇರೆ ಯಾರಿಗೋ ಸುವರ್ಣಗಡ್ಡೆಯ ಗುಣಗಾನ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಾ ಗೋಣು ಹಾಕುತ್ತಿದ್ದೆನಂತೆ. ಮನೆಗೆ ಬಂದು ಚೀಲ ಸುರುವಿದರೆ ಮೆಂತ್ಯೆಯ ಕೆಳಗೆ ಎರಡು ಕಿಲೋ ಸುವರ್ಣಗಡ್ಡೆ ಕೂತಿತ್ತು. ನಮ್ಮ ಮನೆಯಲ್ಲಿ ಅದನ್ನು ಮುಟ್ಟುವವರೇ ಇಲ್ಲ. ತಿಂದರೆ ಯಜಮಾನರ ಗಂಟಲು ತುರಿಸುತ್ತದೆ, ತಿನ್ನದಿದ್ದರೆ ನನ್ನ ಆತ್ಮಸಾಕ್ಷಿ ತುರಿಸುತ್ತದೆ.

ನಗಬೇಡಿ. ಈ ಗೋಣಿನ ದೆಸೆಯಿಂದ ಸುವರ್ಣಗಡ್ಡೆ ಬಂದರೆ ಹೇಗೋ ತೀರಿಸಬಹುದು. ಒಬ್ಬ ಮನುಷ್ಯನ ಭಾನುವಾರವೇ ಕೈಬಿಟ್ಟು ಹೋಗುವುದರಲ್ಲಿತ್ತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಚಟ ಹಳೆಯದು. ಧಾರವಾಡದಲ್ಲಿ ನಾನು ಓದುತ್ತಿದ್ದ ಶಾಲೆಯ ಗಣಿತದ ಮಾಸ್ತರರು ಬೋರ್ಡಿನ ಮೇಲೆ ಒಂದು ಪ್ರಮೇಯ ಬಿಡಿಸಿ, ಕೈಗೆ ಹತ್ತಿದ್ದ ಸೀಮೆಸುಣ್ಣದ ಪುಡಿ ಝಾಡಿಸಿ, 'ತಿಳೀತಿಲ್ಲೋ?' ಎಂದು ಇಡೀ ಕ್ಲಾಸನ್ನು ಕೇಳುತ್ತಿದ್ದರು. ಕೇಳುವುದು ಕ್ಲಾಸನ್ನು, ನೋಡುವುದು ಎರಡನೇ ಬೆಂಚಿನ ನನ್ನ ಮುಖವನ್ನು. ನಾನು ಗೋಣು ಹಾಕುತ್ತಿದ್ದೆ. ಅವರು ಬೋರ್ಡು ಒರೆಸಿ ಮುಂದಕ್ಕೆ ಹೋಗುತ್ತಿದ್ದರು. ನನಗೇನಾದರೂ ತಿಳಿದಿರುತ್ತಿತ್ತೇ? ದೇವರಾಣೆಗೂ ಇಲ್ಲ. ಹಿಂದಿನ ಬೆಂಚಿನ ಬಸಮ್ಮನಿಗೆ ಇದು ಎಷ್ಟು ಸಾಕಾಗಿ ಹೋಯಿತೆಂದರೆ ಒಂದು ದಿನ ನನ್ನ ಎರಡೂ ಜಡೆಗಳನ್ನು ರಿಬ್ಬನ್ನು ಸಮೇತ ಬೆಂಚಿನ ಮೊಳೆಗೆ ಬಿಗಿದು ಕಟ್ಟಿಬಿಟ್ಟಳು. ಮಾಸ್ತರರು ನನ್ನತ್ತ ನೋಡಿದರು. ಗೋಣು ಅಲ್ಲಾಡಲಿಲ್ಲ. ಅವರು ಗಾಬರಿಯಾಗಿ ಇಡೀ ಪ್ರಮೇಯವನ್ನು ಮೊದಲಿನಿಂದ ಹೇಳಿಕೊಟ್ಟರು. ಆ ವರ್ಷ ನಮ್ಮ ಕ್ಲಾಸಿಗೆ ಸರಿಯಾಗಿ ತಿಳಿದ ಪ್ರಮೇಯ ಅದೊಂದೇ.

ಇಂಥ ನಾನು ಮದುವೆಯಾಗಿ ಮುಂಬಯಿಗೆ ಬಂದು, ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಗೋಣು ಹಾಕುವವಳಿಗೆ ಗೋಣು ಹಾಕುವ ಮಕ್ಕಳು ಸಿಕ್ಕರು. ಕಾಲ ಚೆನ್ನಾಗಿ ಕಳೆಯಿತು. ನಿವೃತ್ತಿಯಾದ ಮೇಲೆ ಕೈ ಕಟ್ಟಿ ಕೂರಲಾಗಲಿಲ್ಲ. ನಮ್ಮ ಬಿಲ್ಡಿಂಗಿನ ತಳಮಹಡಿಯಲ್ಲಿ ಪಂಪ್ ರೂಮಿಗೆ ಅಂಟಿಕೊಂಡು ಸೊಸೈಟಿಯ ಕೋಣೆಯೊಂದಿದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಒಂದು ಓದುಗ ಬಳಗ ಶುರುಮಾಡಿದೆ. ವಿಜ್ಞಾನದ ಪುಸ್ತಕಗಳನ್ನಷ್ಟೇ ಓದುವುದು ಎಂದು ಮೊದಲೇ ನಿಯಮ ಮಾಡಿದೆ. ಅದಕ್ಕೊಂದು ಕಾರಣವಿತ್ತು. ಮುಂಬಯಿ ಕನ್ನಡಿಗರು ಸಾಹಿತ್ಯಕ್ಕೆಂದು ನಾಲ್ಕು ಜನ ಕೂಡಿದರೆ ನಾಲ್ವರ ಜೇಬಿನಿಂದಲೂ ಸ್ವಂತ ಕವಿತೆಗಳು ಹೊರಬೀಳುತ್ತವೆ. ಕಪ್ಪುಕುಳಿಗಳ ಬಗ್ಗೆ ಓದುವಾಗ ಆ ಅಪಾಯ ಕಡಿಮೆ ಎಂದು ನನ್ನ ಲೆಕ್ಕಾಚಾರ.

ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನವು. ನಾನು ಓದಿಕೊಂಡು ಹೋಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ಪುಸ್ತಕಕ್ಕೆ ಎರಡು ತಿಂಗಳು. ಆದ್ದರಿಂದ ಆರಿಸುವಾಗ ಎಡವಿದರೆ ಎಂಟು ಭಾನುವಾರ ಎಲ್ಲರೂ ಕುಂಟಬೇಕು. ಮೊದಮೊದಲು ಆಯ್ಕೆಗಾಗಿ ದೊಡ್ಡ ಜಗಳಗಳೇ ಆದವು. ಫೋರ್ಟಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಆಯುಷ್ಯ ಕಳೆದು ನಿವೃತ್ತರಾದ ಸದಾನಂದ ಶೆಟ್ಟರಿಗೆ ಹೊಟ್ಟೆ, ಪಿತ್ತ, ಜೀರ್ಣಶಕ್ತಿ ಬಿಟ್ಟರೆ ಬೇರೆ ವಿಜ್ಞಾನ ಬೇಡ. ಪವಾಯಿಯ ಐಟಿ ಆಫೀಸಿನಲ್ಲಿ ಕೆಲಸ ಮಾಡುವ ನಿಕಿತಾ, ನಮ್ಮ ಮೂರನೇ ಮಹಡಿಯ ಬೆಳಗಾವಿಯವರ ಮಗಳು, ಮೆದುಳು ಮತ್ತು ಯಂತ್ರದ ಬುದ್ಧಿಯ ಪುಸ್ತಕಗಳನ್ನೇ ಹೊತ್ತು ತರುತ್ತಿದ್ದಳು. 'ಆಂಟಿ, ಇದು ಮಸ್ತ್ ಇದೆ, ಏಕದಮ್ ಈಜಿ' ಎನ್ನುತ್ತಿದ್ದಳು. ಅವಳಿಗೆ ಈಜಿಯಾದದ್ದು ನಮಗೆ ಈಜಲು ಬಾರದ ಕೆರೆ.

ಆಗ ಇಮಾಮಸಾಬ್ ಚಾಚಾ ಸಿಕ್ಕರು. ವಿಜಯಪುರದ ಕಡೆಯವರು. ಫೋರ್ಟಿನ ದೊಡ್ಡ ಗಡಿಯಾರದ ಅಂಗಡಿಯೊಂದರಲ್ಲಿ ನಲವತ್ತು ವರ್ಷ ರಿಪೇರಿ ಕೆಲಸ ಮಾಡಿ, ಈಗ ಗೋರೆಗಾಂವ್ ಸ್ಟೇಷನ್ನಿನ ಎದುರು ಅಳಿಯನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ವಾಚಿನ ಸೆಲ್ಲು ಹಾಕಿಸಲು ಹೋದವಳ ಚೀಲದಲ್ಲಿ ಕನ್ನಡ ಪೇಪರು ನೋಡಿ ಅವರೇ ಮಾತು ತೆಗೆದರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ಹಣೆಯ ಮೇಲೆ ಸರಿಸಿ ಕೇಳಿದರು:

'ಅಕ್ಕಾರ, ನಮ್ಮ ಕಡೇವ್ರೇನ್ರಿ?'

ನಾನು ಬಳಗದ ವಿಷಯ ಹೇಳಿದೆ. ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ, ಅತ್ತರು, ಕಿವಿಯಲ್ಲಿ ಅಳಿಯ ಕೊಡಿಸಿದ ಹೊಸ ಕಿವಿ ಮಷೀನು, ಎಲ್ಲದರ ಸಮೇತ ಹತ್ತಕ್ಕೆ ಹತ್ತು ನಿಮಿಷ ಮೊದಲೇ ಬಂದರು. ಆವತ್ತು ಅವರು ಹೇಳಿದ ಮಾತು ನೆನಪಿದೆ. 'ಮನ್ಯಾಗ ದಖನಿ ಉರ್ದು, ಅಂಗಡ್ಯಾಗ ಹಿಂದಿ, ಗಿರಾಕಿ ಮುಂದ ಮರಾಠಿ. ಸಾಲಿ ಕಲ್ತದ್ದು ಕನ್ನಡದಾಗ್ರಿ, ಅದನ್ನ ಕೇಳಿ ಎಷ್ಟೋ ವರ್ಷ ಆಗಿತ್ತು. ಈ ಭಾನುವಾರ ಒಂದು ನನಗ ಬಿಡಬ್ಯಾಡ್ರಿ.'

ಅವರು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಯಾವ ಯಂತ್ರ ಕಂಡರೂ ಒಳಗೇನಿದೆ ಎಂದು ನೋಡದೆ ಬಿಡುವವರಲ್ಲ. ಇವರಿಗೆ ತಿಳಿದ ಪುಸ್ತಕ ಎಲ್ಲರಿಗೂ ತಿಳಿಯುತ್ತದೆ ಎಂದು ನನಗೆ ಹೊಳೆಯಿತು. ಅಲ್ಲಿಂದ ನಮ್ಮ ಬಳಗದಲ್ಲಿ 'ಚಾಚಾ ಪರೀಕ್ಷೆ' ಜಾರಿಗೆ ಬಂತು. ಹೊಸ ಪುಸ್ತಕ ಆರಿಸಬೇಕಾದಾಗ ಶುಕ್ರವಾರ ಸಂಜೆ ನಾನು ಅವರ ಮೇಜಿಗೆ ಹೋಗುವುದು, ನಡುವಿನ ಯಾವುದಾದರೂ ಒಂದು ಪುಟ ತೆಗೆದು ಕನ್ನಡದಲ್ಲಿ ಓದಿ ಹೇಳುವುದು. ಚಾಚಾ ಗೋಣು ಹಾಕಿದರೆ ಪುಸ್ತಕ ಪಾಸು. ಜಗಳ ಬಂದ್. ಶೆಟ್ಟರೂ ಒಪ್ಪಿದರು, ನಿಕಿತಾಳೂ ಒಪ್ಪಿದಳು. ನಾನಂತೂ ಈ ಉಪಾಯ ಕಂಡುಹಿಡಿದದ್ದಕ್ಕೆ ಯಾರಾದರೂ ಶಾಲು ಹೊದಿಸುತ್ತಾರೇನೋ ಎಂದು ಕಾಯುತ್ತಿದ್ದೆ.

ಮೊದಲ ವರ್ಷ ಎಲ್ಲ ಸುಸೂತ್ರ. ಇರುವೆಗಳ ಪುಸ್ತಕ ಓದಿದೆವು, ಸಮುದ್ರದ ತಳದ ಪುಸ್ತಕ ಓದಿದೆವು. ಹದಿನಾಲ್ಕು ಜನ ಬರುತ್ತಿದ್ದರು. ಶೆಟ್ಟರು ಎಲ್ಲರಿಗೂ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. ಎರಡನೇ ವರ್ಷ ಏನೋ ಕೆಟ್ಟಿತು. ಅನಂತವೆಂದರೇನು ಎನ್ನುವ ಗಣಿತದ ಪುಸ್ತಕಕ್ಕೆ ಚಾಚಾ ಗೋಣು ಹಾಕಿದರು. ಓದತೊಡಗಿದ ಎರಡನೇ ಭಾನುವಾರ ಶೆಟ್ಟರು ಫೋನು ಬಂತೆಂದು ಹೊರಗೆ ಹೋದವರು ಮೂರು ವಾರ ಬಿಟ್ಟು ಒಳಗೆ ಬಂದರು. ಆಮೇಲೆ ಕ್ವಾಂಟಮ್ ಪುಸ್ತಕ. ಅದಕ್ಕೂ ಗೋಣು. ಮಾಟುಂಗದಿಂದ ಬರುತ್ತಿದ್ದ ಇಬ್ಬರು, ಪೆಟ್ಟಿಗೆಯೊಳಗಿನ ಬೆಕ್ಕು ಒಂದೇ ಹೊತ್ತಿಗೆ ಬದುಕಿಯೂ ಇದೆ ಸತ್ತೂ ಇದೆ ಎಂದು ನಾನು ಹೇಳಿದ ದಿನವೇ ಲೋಕಲ್ ಹಿಡಿದು ಹೋದರು, ಮತ್ತೆ ಬರಲಿಲ್ಲ. ಹದಿನಾಲ್ಕು ಒಂಬತ್ತಾಯಿತು, ಒಂಬತ್ತು ಐದಾಯಿತು. 'ನಿಮ್ಮ ಚಾಚಾ ದೊಡ್ಡ ಜನ ಮಾರಾಯ್ರೆ. ಅವರಿಗೆ ಅರ್ಥ ಆಗುವುದು ನಮಗೆ ಎಂತದ್ದೂ ಆಗುವುದಿಲ್ಲ' ಎಂದರು ಶೆಟ್ಟರು. ನಾನು ಚಾಚಾನ ಬುದ್ಧಿಯನ್ನು ಕೊಂಡಾಡಿ, ಉಳಿದವರ ಮಂದಬುದ್ಧಿಗೆ ಮರುಗಿದೆ. ನನ್ನ ಕಡೆಯಿಂದ ಏನಾದರೂ ತಪ್ಪಿರಬಹುದು ಎನ್ನುವ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಮೇಷ್ಟ್ರುಗಳಿಗೆ ಅದು ಸುಳಿಯುವುದೂ ಇಲ್ಲ.

ಸೊಸೈಟಿಯ ಸೆಕ್ರೆಟರಿ ಲಿಫ್ಟಿನಲ್ಲಿ ಸಿಕ್ಕಾಗ, 'ಪಾಂಚ್ ಲೋಗೋಂ ಕೆ ಲಿಯೆ ಪೂರಾ ರೂಮ್?' ಎಂದು, ಐದು ಜನಕ್ಕೆ ಇಡೀ ಕೋಣೆ ಬೇಕೇ ಎನ್ನುವಂತೆ ನಕ್ಕರು. ಝುಂಬಾ ಕುಣಿತದ ಕ್ಲಾಸಿನವರು ಅದೇ ಹೊತ್ತಿಗೆ ಆ ಕೋಣೆ ಕೇಳಿದ್ದರಂತೆ. ದೀಪಾವಳಿಯ ತನಕ ನೋಡುತ್ತೇನೆ ಎಂದರು. ಅಂದರೆ ನಮಗಿದ್ದದ್ದು ಒಂದೇ ಒಂದು ಪುಸ್ತಕದ ಕಾಲಾವಕಾಶ. ಅದೂ ಜನರನ್ನು ಹಿಡಿದು ಕೂರಿಸದಿದ್ದರೆ ಬಳಗ ಮುಚ್ಚಿದಂತೆ. ನಮ್ಮದಾದರೋ ಹೋಗಲಿ, ನಿಕಿತಾ ಇನ್ನೊಂದು ಗಂಟೆ ಮಲಗುತ್ತಾಳೆ, ಶೆಟ್ಟರು ಪಿತ್ತಕ್ಕೆ ಬೇರೆ ಕೇಳುಗರನ್ನು ಹುಡುಕಿಕೊಳ್ಳುತ್ತಾರೆ. ಚಾಚಾನಿಗೆ ಮಾತ್ರ ಬೇರೆ ಭಾನುವಾರ ಇರಲಿಲ್ಲ. ಆ ಇಸ್ತ್ರಿ ಮಾಡಿದ ಅಂಗಿ ನೆನಪಾಗಿ ನನಗೆ ನಿಜಕ್ಕೂ ಸಂಕಟವಾಯಿತು.

ಈ ಸಲ ನನ್ನ ಪ್ರಾಣಪ್ರಿಯವಾದ ನಕ್ಷತ್ರಗಳ ಪುಸ್ತಕವನ್ನೇ ಇಡುವುದೆಂದು ನಿರ್ಧರಿಸಿದೆ. ಆದರೆ ಶುಕ್ರವಾರದ ಹೊತ್ತಿಗೆ ನನಗೆ ಭಯಂಕರ ನೆಗಡಿಯಾಗಿ ಗಂಟಲು ಕಟ್ಟಿ ಹೋಯಿತು. ಉಸಿರು ಬರುತ್ತದೆ, ದನಿ ಬರುವುದಿಲ್ಲ. ಪರೀಕ್ಷೆಯನ್ನು ಮುಂದಕ್ಕೆ ಹಾಕೋಣವೆಂದು ಹೇಳಲು ಚಾಚಾನ ಮೇಜಿಗೆ ಹೋದೆ. ಎದುರು ಕೂತು, ಪುಸ್ತಕ ತೋರಿಸಿ, ಗಂಟಲು ಮುಟ್ಟಿಕೊಂಡು, 'ಚಾಚಾ, ಇವತ್ತು ಧ್ವನಿ ಇಲ್ರಿ, ಓದಲಿಕ್ಕೆ ಆಗೂದಿಲ್ಲ' ಎಂದು ತುಟಿ ಆಡಿಸಿದೆ. ದನಿ ನನಗೇ ಕೇಳಿಸಲಿಲ್ಲ. ಅಭ್ಯಾಸಬಲದಿಂದ ಗೋಣು ಮಾತ್ರ ಆಡಿತು.

ಚಾಚಾ ತನ್ಮಯರಾಗಿ ಗೋಣು ಹಾಕಿದರು.

'ಬರೊಬ್ಬರಿ ಅದರಿ ಅಕ್ಕಾರ. ಬಾಳ ಸರಳ ಅದ. ಇದನ್ನ ಇಡ್ರಿ.'

ನಾನು ಬಾಯಿ ಮುಚ್ಚಿದೆ. ಪರೀಕ್ಷೆಗೆಂದು ಮತ್ತೊಮ್ಮೆ ಸುಮ್ಮನೆ ತುಟಿ ಆಡಿಸಿ ಗೋಣು ಹಾಕಿದೆ. ಅವರೂ ಹಾಕಿದರು. ಗೋಣು ನಿಲ್ಲಿಸಿದೆ, ಅವರೂ ನಿಲ್ಲಿಸಿದರು. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಅವರೂ ಬಹಳ ವಿಷಾದದಿಂದ ಅಲ್ಲಾಡಿಸಿ, 'ಹೌದ್ರಿ, ಹಂಗ ಆಗಬಾರದಿತ್ತು' ಎಂದರು. ಕಿವಿ ಮಷೀನು ಅವರ ಕಿವಿಯ ಹಿಂದೆ ತನ್ನ ಪಾಡಿಗೆ ತಾನು ಕೂತಿತ್ತು.

ಮನೆಗೆ ನಡೆದು ಬರುವಾಗ ಮೊದಲು ಸಿಟ್ಟು ಬಂತು. ಒಂದು ವರ್ಷದಿಂದ ಈ ಮನುಷ್ಯ ಕೇಳಿಸದ ಪುಸ್ತಕಗಳಿಗೆ ಪಾಸ್ ಮಾರ್ಕು ಕೊಡುತ್ತಾ ಬಂದಿದ್ದಾರಲ್ಲ! ರೇಲ್ವೆ ಸೇತುವೆ ಹತ್ತುವಷ್ಟರಲ್ಲಿ ಬಸಮ್ಮ ನೆನಪಾದಳು. ಸೇತುವೆ ಇಳಿಯುವಷ್ಟರಲ್ಲಿ ಸಿಟ್ಟು ಪೂರ್ತಿ ನನ್ನ ಮೇಲೆಯೇ ತಿರುಗಿತ್ತು. ಅನಂತಕ್ಕೂ ಕ್ವಾಂಟಮಿಗೂ ಪಾಸು ಕೊಟ್ಟವಳು ನಾನೇ. ಚಾಚಾನ ಗೋಣಿನಲ್ಲಿ ನಾನು ನನ್ನ ಗೋಣನ್ನೇ ನೋಡಿಕೊಂಡು ಹಿಗ್ಗಿದ್ದೆ. ಮೂವತ್ತು ವರ್ಷ ಗೋಣು ಹಾಕಿದ ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ಏನು ತಿಳಿದಿತ್ತೋ ಎಂಬ ಯೋಚನೆಯೂ ಬಂತು.

ಮರುದಿನ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋದೆ: 'ಚಾಚಾ, ಯಾವಾಗಿನಿಂದ ಕೇಳಿಸವಲ್ಲದು?'

ಅವರು ಓದಿದರು. ಅಳಿಯ ಗಿರಾಕಿಯ ಜೊತೆ ಮೊಬೈಲ್ ಕವರಿನ ಬಣ್ಣದ ಚರ್ಚೆಯಲ್ಲಿದ್ದ. ಅತ್ತ ಒಮ್ಮೆ ನೋಡಿ, ಮೇಜಿನ ಖಾನೆಯಿಂದ ಗುಂಡಗಿನ ತಗಡಿನ ಡಬ್ಬಿ ತೆಗೆದು ನನ್ನ ಮುಂದೆ ತೆರೆದರು. ಹತ್ತಿಯ ಮೇಲೆ ಸಾಸಿವೆ ಕಾಳಿನಂಥ ತುಣುಕುಗಳು, ಕೂದಲಿನಂಥ ತಂತಿಗಳು.

'ಮಷೀನಿನ ಸಾಮಾನರಿ' ಎಂದರು ಮೆಲ್ಲಗೆ. ಮೆಲ್ಲಗೆ ಎಂದು ಅವರು ತಿಳಿದಿದ್ದರು. ಪಕ್ಕದ ವಡಾಪಾವ್ ಗಾಡಿಯವನು ತಿರುಗಿ ನೋಡಿದ. 'ಇಷ್ಟ ಸಣ್ಣದರಾಗ ದನಿ ಹ್ಯಾಂಗ ದೊಡ್ಡದಾಗ್ತದ ಅಂತ ಹ್ವಾದ ವರ್ಷ ಬಿಚ್ಚಿ ನೋಡಿದ್ನಿರಿ. ಸ್ವಿಸ್ ಗಡಿಯಾರ ಬಿಚ್ಚಿ ಕೂಡಿಸೀನಿ, ಇದು ಕೂಡಲಿಲ್ಲ. ಅಳಿಯಗ ಹ್ಯಾಂಗ ಹೇಳ್ಲಿ? ಖಾಲಿ ಖೋಕಾ ಕಿವ್ಯಾಗ ಇಟ್ಟೀನಿ, ಸಾಮಾನು ಡಬ್ಯಾಗ.'

ನಾನು ಹಾಳೆಯ ಮೇಲೆ ಬರೆದೆ: 'ನನಗರೆ ಹೇಳಬೇಕಿಲ್ಲೋ?'

ಅವರು ಓದಿ ಡಬ್ಬಿಯ ಮುಚ್ಚಳ ಹಾಕಿದರು. 'ಕಿವಿ ಇಲ್ಲಂತ ಗೊತ್ತಾದ್ರ ನನ್ನ ಯಾಕ ಕೇಳ್ತಿದ್ರಿ ನೀವು? ಪುಸ್ತಕ ಪಾಸ್ ಮಾಡವ ಅಂತ ಬರ್ತಿದ್ನಿ. ಸುಮ್ನ ಕೂಡವ ಅಂತ ಬಂದ್ರ ಎರಡು ವಾರ ಕರೀತೀರಿ, ಮೂರನೇ ವಾರ ಪಾಪ ಅಂತೀರಿ. ಮಂದಿ ತುಟಿ ಆಡಿಸೂದು ನೋಡಿದ್ರೂ ಕನ್ನಡ ಅಂತ ಗೊತ್ತಾಗ್ತದರಿ ನನಗ. ಅಷ್ಟ ಸಾಕಿತ್ತು.'

ಕಣ್ಣು ಒದ್ದೆಯಾದದ್ದನ್ನು ನೆಗಡಿಯ ಲೆಕ್ಕಕ್ಕೆ ಹಾಕಿ ಮೂಗು ಒರೆಸಿಕೊಂಡೆ.

ಆ ಭಾನುವಾರ ಚಾಚಾನ ಎದುರಿಗೇ, ಅವರ ಒಪ್ಪಿಗೆ ಪಡೆದು, ಬಳಗಕ್ಕೆ ಎಲ್ಲ ಹೇಳಿದೆ. ಉಳಿದವರಲ್ಲಿ ಯಾರೂ ನಗಲಿಲ್ಲ. ಶೆಟ್ಟರೊಬ್ಬರಿಗೆ ಮಾತ್ರ ಬಹಳ ಸಂತೋಷವಾಯಿತು. 'ಹಾಗಾದರೆ ನಾನು ದಡ್ಡ ಅಲ್ಲ!' ಎಂದು ಎದ್ದು ಹೋಗಿ ಚಾಚಾನ ಕೈ ಕುಲುಕಿದರು. ನಿಕಿತಾ ಕೇಳಿದಳು, 'ಆಂಟಿ, ಚಾಚಾಗೆ ಓದೋಕೆ ಬರ್ತದಲ್ಲ, ತೋ ಪ್ರಾಬ್ಲಮ್ ಕ್ಯಾ ಹೈ? ಲಿಖ್ ಕೇ ದೇ ದೋ ನಾ.'

ಬರೆದುಕೊಟ್ಟರಾಯಿತು: ಮೂವತ್ತು ವರ್ಷ ಕಲಿಸಿದವಳಿಗೆ ಹೊಳೆಯದ್ದು ಇಷ್ಟೇ ಆಗಿತ್ತು. ನಕ್ಷತ್ರಗಳ ಪುಸ್ತಕದ ಒಂದು ಪುಟವನ್ನು ಕನ್ನಡಕ್ಕೆ ತಂದು, ಗೆರೆ ಹಾಕಿದ ಹಾಳೆಯ ಮೇಲೆ ದುಂಡಗೆ ಬರೆದು ಕೊಟ್ಟೆ. ಕೊಟ್ಟು, ಮನಸ್ಸಿನಲ್ಲೇ ಪಾಸು ಮಾಡಿಕೊಂಡು ಬಂದೆ. ಶುಕ್ರವಾರ ಹೋದರೆ ಹಾಳೆಯ ತುಂಬ ಕೆಂಪು ಪೆನ್ಸಿಲಿನ ಗುರುತು. ನಮ್ಮ ನೆತ್ತರಿನ ಕಬ್ಬಿಣ ಯಾವುದೋ ಕಾಲದ ನಕ್ಷತ್ರದ ಒಡಲಲ್ಲಿ ಬೆಂದದ್ದು ಎಂದು ನಾನು ಮೈಮರೆತು ಬರೆದ ಸಾಲಿನ ಪಕ್ಕ 'ಯಾರು ನೋಡ್ಯಾರ?' ಎಂದಿತ್ತು. ಇನ್ನೊಂದು ಕಡೆ, 'ಇಲ್ಲಿ ಒಂದು ಹಲ್ಲು ತಪ್ಪೇದ.' ಗಡಿಯಾರದ ಚಕ್ರದಲ್ಲಿ ಹಲ್ಲು ತಪ್ಪಿದರೆ ಮುಂದಿನ ಚಕ್ರ ತಿರುಗುವುದಿಲ್ಲವಂತೆ. ನನ್ನ ಮೂರನೇ ವಾಕ್ಯದಿಂದ ನಾಲ್ಕನೆಯದೂ ತಿರುಗಿರಲಿಲ್ಲ. ಕೆಳಗೆ ದೊಡ್ಡದಾಗಿ, 'ತಿಳೀಲಿಲ್ಲ. ಇಮಾಮಸಾಬ.'

ಸುಳ್ಳು ಯಾಕೆ ಹೇಳಲಿ, ನನಗೆ ಕೆಟ್ಟ ಕೋಪ ಬಂತು. ನಾಲ್ಕನೇ ಇಯತ್ತೆಯವರು ನನ್ನ ನಕ್ಷತ್ರಗಳನ್ನು ಫೇಲು ಮಾಡುವುದೆಂದರೇನು? ರಾತ್ರಿ ಅಡುಗೆಮನೆಯಲ್ಲಿ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ತಟ್ಟಿದೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ, ಯಾರು ನೋಡಿದ್ದಾರೆ, ಹೇಗೆ ಗೊತ್ತಾಯಿತು ಎಂದು ಆ ಲೇಖಕನೂ ಎಲ್ಲೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಆ ಪುಟಕ್ಕೂ ಗೋಣು ಹಾಕಿಕೊಂಡು ಬಂದಿದ್ದೆ.

ಎರಡನೆಯದು ವಲಸೆ ಹಕ್ಕಿಗಳ ಪುಸ್ತಕ. ಅದಕ್ಕೆ ಒಂದೇ ಟಿಪ್ಪಣಿ: 'ಹೇಳಿದ್ದನ್ನೇ ಹೇಳ್ಯಾನ.' ಶೆಟ್ಟರು ಕೊಟ್ಟ ಜೀರ್ಣಶಕ್ತಿಯ ಪುಸ್ತಕಕ್ಕೆ, 'ಇದು ಔಷಧ ಮಾರವನ ಮಾತು.' ಶೆಟ್ಟರ ಸಂತೋಷ ಆವತ್ತಿಗೆ ಮುಗಿಯಿತು. ದೀಪಾವಳಿಗೆ ಹತ್ತು ವಾರ ಉಳಿದಿತ್ತು. ಪುಸ್ತಕ ಶುರುಮಾಡದಿದ್ದರೆ ಕೋಣೆ ಹೋಗುತ್ತದೆ, ಯಾವುದೋ ಒಂದನ್ನು ಶುರುಮಾಡಿದರೂ ಹೋಗುತ್ತದೆ. ನನಗಂತೂ ಹಳೆಯ ಗೋಣೇ ವಾಸಿಯಾಗಿತ್ತು ಎನ್ನಿಸತೊಡಗಿತು.

ಕೊನೆಗೆ ನಿಕಿತಾ ಪವಾಯಿಯಿಂದ ತೆಳ್ಳನೆಯ ಪುಸ್ತಕವೊಂದನ್ನು ತಂದಳು. ನಾವು ಕೇಳುವುದು ಹೇಗೆ ಎಂಬುದರ ಮೇಲಿತ್ತು. ಚಾಚಾನಿಗೆ ಕೊಡಬೇಕೋ ಬೇಡವೋ ಎಂದು ಎರಡು ದಿನ ಹಿಂದೆಮುಂದೆ ನೋಡಿದೆ. ಕುಂಟನ ಕೈಗೆ ಓಟದ ಪುಸ್ತಕ ಕೊಟ್ಟಂತಾದರೆ? ಹೆದರುತ್ತಲೇ ಒಂದು ಪುಟ ಬರೆದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ, ಸುರುಳಿಯ ತುಂಬ ದ್ರವ, ದ್ರವದಲ್ಲಿ ತೊನೆಯುವ ಸಾವಿರಾರು ಸೂಕ್ಷ್ಮ ರೋಮಗಳಿವೆ, ಹೊರಗಿನ ಸದ್ದು ಆ ರೋಮಗಳನ್ನು ಬಾಗಿಸಿದಾಗಲೇ ಮಿದುಳಿಗೆ ಸುದ್ದಿ ಮುಟ್ಟುವುದು. ಈ ಸಲ ಹಲ್ಲು ತಪ್ಪದಂತೆ ಒಂದೊಂದೇ ವಾಕ್ಯವನ್ನು ಮುಂದಿನದಕ್ಕೆ ಕೂಡಿಸಿ ನೋಡಿದೆ. ಮೂರು ಸಲ ಹರಿದು ಬರೆದೆ. ಪುಟ ಮುಗಿದದ್ದು 'ಆ ರೋಮಗಳು ಒಮ್ಮೆ ಸತ್ತರೆ' ಎಂಬ ಅರ್ಧ ವಾಕ್ಯಕ್ಕೆ. ಹಾಗೆಯೇ ಕೊಟ್ಟು ಬಂದೆ.

ಶುಕ್ರವಾರ ಸಂಜೆ ಸ್ಟೇಷನ್ನಿನ ಎದುರು ಎಂದಿನ ಜಾತ್ರೆ. ಚಾಚಾನ ಮೇಜಿನ ಮುಂದೆ ಒಬ್ಬ ಗಿರಾಕಿ ವಾಚು ಹಿಡಿದು ನಿಂತಿದ್ದ. ಚಾಚಾ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ವಾಚನ್ನು ಬದಿಗೆ ಸರಿಸಿ, ನನ್ನ ಹಾಳೆಯ ಮೇಲೆ ಬಾಗಿದ್ದರು. ನಾನು ಹೋಗಿ ಎದುರು ಕೂತೆ. ಮುಖ ನೋಡಿದೆ. ಗೋಣು ಆಡುತ್ತಿರಲಿಲ್ಲ. ನನ್ನದೂ ಆಡಲಿಲ್ಲ, ಬಸಮ್ಮ ಹಿಂದೆ ಕೂತು ಜಡೆ ಹಿಡಿದಿದ್ದಳೇನೋ.

ಹಾಳೆಯ ಮೇಲೆ ಎಲ್ಲೂ ಕೆಂಪು ಗುರುತಿರಲಿಲ್ಲ. ಚಾಚಾ ಅದನ್ನು ತಿರುವಿ ಹಾಕಿದರು. ಹಿಂದೆ ಖಾಲಿ. ಮತ್ತೆ ಮುಂದಕ್ಕೆ ತಿರುವಿದರು. ಮೇಜಿನ ಕೆಳಗೆ ಬಿದ್ದಿದೆಯೇನೋ ಎಂದು ಬಾಗಿ ಹುಡುಕಿದರು. ಆಮೇಲೆ ಭೂತಗನ್ನಡಿ ಹಣೆಗೆ ಸರಿಸಿ, ನನ್ನನ್ನು ಗದರಿಸುವವರ ಹಾಗೆ, ಇಡೀ ಗೋರೆಗಾಂವಿಗೆ ಕೇಳುವಂತೆ ಕೇಳಿದರು:

'ಮುಂದಿನ ಹಾಳಿ ಎಲ್ಲದರಿ?'

ಮುಂದಿನ ಹಾಳೆ ಇರಲಿಲ್ಲ. ನಾನು ಬರೆದೇ ಇರಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ಅವರ ಮೇಜಿನ ಮೇಲಿನ ಸ್ಕ್ರೂಗಳನ್ನು ಮೊಣಕೈಯಿಂದ ಸರಿಸಿ ಅಲ್ಲೇ ಬರೆಯತೊಡಗಿದೆ. ಗಿರಾಕಿಗೆ ಲೋಕಲ್ ತಪ್ಪೀತೆಂಬ ಆತುರ. 'ಚಾಚಾ, ಮೇರಾ ಘಡಿ?' ಎಂದು ವಾಚು ತೋರಿಸಿದ. ಚಾಚಾ ನನ್ನ ಪೆನ್ನಿನ ತುದಿಯಿಂದ ಕಣ್ಣು ತೆಗೆಯದೆ ಅವನಿಗೆ ಕೈ ಅಡ್ಡ ಹಿಡಿದರು. ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಯೋಚಿಸಲೂ ಇಲ್ಲ.

'ಸ್ವಲ್ಪ ತಡೀರಿ. ಅಕ್ಕಾರು ಬರೀಲಿಕತ್ಯಾರ.'